ತಮರುವಾನ ಅರ್ಧ ಉಳಿದ ಬಿಯರ್

ಯೀಸ್ಟ್ ಕೆಟ್ಟರೆ ಬಿಯರ್ ಹುಳಿಯಾಗುತ್ತದೆ. ಮನುಷ್ಯ ಸಾಯುವುದಿಲ್ಲ.

ಈ ಮಾತನ್ನು ಅತಿಯು ದ್ವೀಪದವರಿಗೆ ಬರೆದು ಹೇಳಬೇಕಾಗಿ ಬಂದದ್ದೇ ನಾಚಿಕೆಗೇಡು. ನಮ್ಮ ಅಜ್ಜಂದಿರು ಪಾದ್ರಿಗಳ ಕಣ್ಣು ತಪ್ಪಿಸಿ ಕಾಡಿನೊಳಗೆ ಕಿತ್ತಳೆ ರಸ ಹುದುಗಿಸಿದವರು. ಹಳೆಯ ತೆಂಗಿನ ಮರದ ಬುಡ ಕೊರೆದು ಮಾಡಿದ ಬಿಯರ್ ಪೀಪಾಯಿ ತುಮುನುವಿನ ವಾಸನೆ ಇಲ್ಲಿನ ಕೂಸಿಗೂ ಗೊತ್ತು. ಕೆಟ್ಟ ಬಿಯರ್ ಕುಡಿದು ನಾವೆಲ್ಲ ಹೊಟ್ಟೆ ಹಿಡಿದುಕೊಂಡು ಟಾರೊ ಕೆಸುವಿನ ಗದ್ದೆಯ ಬದುವಿನಲ್ಲಿ ಕೂತವರೇ. ಮರುದಿನ ಎದ್ದು ಮತ್ತೆ ಅದೇ ತುಮುನು ಗುಡಿಸಲಿಗೆ ಹೋದವರೇ. ಆದರೂ ಜುಲೈಯಿಂದ ಈಚೆಗೆ ತಮರುವಾ ಎದುರಿಗೆ ಬಂದರೆ ಜನ ರಸ್ತೆಯ ಆಚೆ ಬದಿಗೆ ಸರಿಯುತ್ತಾರೆ. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಅವನೊಬ್ಬನೇ. ಮೊಕೊರೊವಾನನ್ನು ಕೊಂದದ್ದು ತಮರುವಾನ ಯೀಸ್ಟ್ ಅಂತೆ.

ತಮರುವಾ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮರೆತವರಂತೆ ಆಡುತ್ತಿದ್ದೀರಿ. ವಿಮಾನ ಇಳಿಯುವ ಮೊದಲು ಓಡುಪಟ್ಟಿಯ ಮೇಲಿನ ಹಂದಿ, ಆಡುಗಳನ್ನು ಓಡಿಸುವವನು. ಆ ಕೆಲಸಕ್ಕೆ ಸಂಬಳ ಇದೆಯೋ ಇಲ್ಲವೋ ಅಂತ ಯಾರೂ ಕೇಳಿದವರಲ್ಲ. ಮದುವೆಯಾಗಲಿಲ್ಲ, ತಾಯಿ ಇರುವ ತನಕ ತಾಯಿಯ ಜೊತೆಗಿದ್ದ, ಈಗ ಅಂಗಳದಲ್ಲಿ ಅವಳ ಗೋರಿಯ ಜೊತೆಗಿದ್ದಾನೆ. ಅವನ ನಾಯಿಗೂ ಬೊಗಳುವ ಮೊದಲು ಒಂದು ಸಲ ಯೋಚಿಸುವ ಅಭ್ಯಾಸ. ಅಂಥ ಮನೆ ಅದು.

ಅವನ ಕೈಗೆ ಚಿಪ್ಪು ಕೊಟ್ಟವನು ಪಾಪಾ ಉಪೊಕೊ. ನಮ್ಮ ಕಡೆಯ ತುಮುನು ಕೂಟದಲ್ಲಿ ನನಗೆ ತಿಳಿವಳಿಕೆ ಬಂದಾಗಿನಿಂದ ಬಿಯರ್ ಮಾಡುತ್ತಿದ್ದವನೂ, ನಡುವೆ ಕೂತು ತೆಂಗಿನ ಚಿಪ್ಪಿನಲ್ಲಿ ಹಂಚುತ್ತಿದ್ದವನೂ ಉಪೊಕೊ ಒಬ್ಬನೇ.

"ಇನ್ಮೇಲೆ ನೀನೇ ಕುದಿಸು, ನೀನೇ ಹಂಚು," ಅಂದನಂತೆ ಮುದುಕ. "ನನ್ನ ಕೈ ನಡುಗುತ್ತೆ. ಅರ್ಧ ಚಿಪ್ಪು ನನ್ನ ತೊಡೆ ಮೇಲೇ ಹೋಗುತ್ತೆ. ತೊಡೆಗೆ ಅಮಲೇರಿ ಯಾರಿಗೇನು ಲಾಭ?"

"ನಂಗೆ ಬರಲ್ಲ ಪಾಪಾ."

"ಬರೋಕೇನಿದೆ ಅದ್ರಲ್ಲಿ? ಸಕ್ಕರೆ ತಿನ್ನೋದು ಯೀಸ್ಟು, ನೀನಲ್ಲ. ನೀನು ಸುಮ್ನೆ ಕೂತ್ಕೊಳ್ಳೋದು ಕಲಿ, ಸಾಕು."

ಸುಮ್ಮನೆ ಕೂರುವುದೊಂದೇ ತಮರುವಾನಿಗೆ ಬರಲಿಲ್ಲ.

ಕಿತ್ತಳೆ ಹಿಂಡಿದ, ಮಾಲ್ಟು ಸಕ್ಕರೆ ಕುದಿಸಿದ, ಆರಿಸಿ ತುಮುನುವಿಗೆ ಸುರಿದ, ಅಂಗಡಿಯಿಂದ ತಂದ ಪೊಟ್ಟಣದ ಯೀಸ್ಟ್ ಉದುರಿಸಿ ಮುಚ್ಚಿದ. ಅಲ್ಲಿಗೆ ಮನುಷ್ಯನ ಕೆಲಸ ಮುಗಿಯಿತು. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದ. ನೊರೆ ಇಲ್ಲ. ಮಧ್ಯಾಹ್ನ ನೋಡಿದ. ಗುಳ್ಳೆ ಇಲ್ಲ. ತುಮುನುವಿಗೆ ಕಿವಿ ಆನಿಸಿ ಕೇಳಿದ. ಸದ್ದಿಲ್ಲ. ಈ ಸಲದ ಚಳಿಗಾಲ, ಜುಲೈಯಲ್ಲಿ, ಎಂಥ ಚಳಿ ಇತ್ತು ನೆನಪಿದೆಯಲ್ಲ, ಸಮುದ್ರದ ಗಾಳಿ ಹಲ್ಲಿನ ಸಂದಿಯಲ್ಲಿ ಹೋಗುತ್ತಿತ್ತು. ಯೀಸ್ಟ್ ಜೀವವಿರುವ ವಸ್ತು. ಚಳಿಯಲ್ಲಿ ಅದೂ ಮುದುರಿಕೊಂಡು ಮಲಗುತ್ತದೆ. ಬಿಟ್ಟರೆ ತಾನಾಗಿ ಏಳುತ್ತದೆ. ಮೊದಲ ಸಲ ಬಿಯರ್ ಮಾಡುವವನಿಗೆ ಇದನ್ನು ಹೇಳಿದರೂ ನಂಬಿಕೆ ಬರುವುದಿಲ್ಲ. ಅವನ ಕಣ್ಣಿಗೆ ಅಲ್ಲಿರುವುದು ಹೆಣ.

ಉಪೊಕೊನ ಮನೆಗೆ ಓಡಿದ. "ಪಾಪಾ, ಸತ್ತೋಗಿದೆ."

"ಯಾರು?"

"ಯೀಸ್ಟು."

"ಥೂ, ನಿನ್ನ. ನಾನು ಮಣ್ಣಿಗೆ ಹೋಗೋಕೆ ಚರ್ಚಿನ ಅಂಗಿ ಹಾಕ್ಕೋಬೇಕಾ ಅಂದ್ಕೊಂಡೆ! ಮುಚ್ಚಳ ಎಷ್ಟು ಸಲ ತೆಗೆದೆ?"

"ಜಾಸ್ತಿ ಇಲ್ಲ."

"ಜಾಸ್ತಿ ಇಲ್ಲ ಅಂದ್ರೆ ಲೆಕ್ಕ ತಪ್ಪುವಷ್ಟು. ಬಸುರಿ ಹೊಟ್ಟೆ ಸೀಳಿ ನೋಡ್ತಾರೇನೋ, ಕೂಸು ಬೆಳೀತಿದೆಯಾ ಅಂತ? ಹೋಗು. ಬೆಚ್ಚಗಿಡು."

ಬೆಚ್ಚಗಿಡು ಅಂದದ್ದೇ ತಪ್ಪಾಯಿತು. ಗೋಣಿ ಸುತ್ತಿದ, ಸಾಲಲಿಲ್ಲ ಅನಿಸಿತು. ಹಾಸಿಗೆಯ ಕಂಬಳಿ ತಂದು ಸುತ್ತಿದ, ಸಾಲಲಿಲ್ಲ ಅನಿಸಿತು. ಕೊನೆಗೆ ಪೆಟ್ಟಿಗೆಯ ತಳದಿಂದ ತಾಯಿ ಹೊಲಿದ ತೀವಾಯಿವಾಯಿ ತೆಗೆದ. ಕೆಂಪು ದಾಸವಾಳದ ಹೂವಿನ ಹೊದಿಕೆ. ಆ ತಾಯಿ ಸಾಯುವ ಮುಂಚಿನ ವರ್ಷವೆಲ್ಲ ಕೂತು ಕೈಯಲ್ಲೇ ಹೊಲಿದದ್ದು. "ನಿಂಗೆ ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ನೀನು ಹೋದಾಗ ಇದ್ರಲ್ಲಿ ಸುತ್ತಲಿ ಅಂತ ಹೇಳಿಟ್ಟಿದೀನಿ," ಅಂದಿದ್ದಳು. ಹೆಣಕ್ಕೆ ಹೊದಿಸುವ ಬಟ್ಟೆಯನ್ನು ಅವನು ಬಿಯರಿಗೆ ಹೊದಿಸಿದ. ನಮ್ಮಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ ಎಂಬುದು ನಿಜ. ತನ್ನ ಸಾವಿಗಿಟ್ಟದ್ದನ್ನು ಊರಿನ ಸಂತೋಷಕ್ಕೆ ಕೊಡುವ ಬುದ್ಧಿ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ ಎಂಬುದೂ ನಿಜ.

ಅದೂ ಸಾಲದೆ ಮೊಕೊರೊವಾನ ಮನೆಗೆ ಹೋದ. ಮೊಕೊರೊವಾ ಅವನ ಗೆಳೆಯ, ಚಿಕ್ಕಂದಿನಿಂದ ಒಂದೇ ದೋಣಿಯವರು. ಮೊಕೊರೊವಾನ ಹೆಂಡತಿ ತುವಾಯಿನೆ ಬ್ರೆಡ್ ಮಾಡಿ ಮಾರುವವಳು.

"ತುವಾಯಿನೆ, ನಿನ್ನ ಬ್ರೆಡ್ಡಿನ ಯೀಸ್ಟು ಒಂಚೂರು ಕೊಡು. ನಂದು ಏಳ್ತಿಲ್ಲ."

"ನಿಂದು ಏಳ್ತಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ಬೇಡ ಮಾರಾಯ," ಅಂದಳು ಅವಳು. ಒಳಗಿಂದ ಮೊಕೊರೊವಾ ನಕ್ಕು ನಕ್ಕು ಕೆಮ್ಮಿದ. ಡಬ್ಬಿಯಿಂದ ಒಂದು ಹಿಡಿ ಯೀಸ್ಟ್ ಕಾಗದದಲ್ಲಿ ಕಟ್ಟಿ ಕೊಟ್ಟಳು. ಅದನ್ನೂ ಸುರಿದ. ಇನ್ನಷ್ಟು ಸಕ್ಕರೆಯನ್ನೂ ಸುರಿದ. ಮುಂದಿನ ಬೆಳಿಗ್ಗೆ ಹೋದರೆ ನೊರೆ ಮುಚ್ಚಳ ಎತ್ತಿ, ತೀವಾಯಿವಾಯಿಯ ದಾಸವಾಳದ ಮೇಲೆ ಕಿತ್ತಳೆ ಬಣ್ಣದ ಕಲೆ ಮಾಡಿ, ನೆಲಕ್ಕಿಳಿದಿತ್ತು. ಅವನು ಅಲ್ಲೇ ಕೂತು ಅತ್ತನಂತೆ. ಖುಷಿಗೆ.

ಈಗ ಮೊಕೊರೊವಾ ಸತ್ತ ಸಂಜೆಯ ವಿಷಯ. ಅಲ್ಲಿ ಕೂತವರೆಲ್ಲ ಈ ಪತ್ರಿಕೆ ಓದುತ್ತಾರೆ. ಆದ್ದರಿಂದ ಒಂದು ಮಾತನ್ನೂ ಹೆಚ್ಚಿಗೆ ಸೇರಿಸುವುದಿಲ್ಲ. ಸೇರಿಸಿದ್ದರೆ ಬಂದು ನನ್ನ ಬಾಗಿಲು ಬಡಿಯಲಿ.

ಗುಡಿಸಲಲ್ಲಿ ಎಂದಿನಂತೆ ಮೊದಲು ಪ್ರಾರ್ಥನೆಯಾಯಿತು, ಸ್ತೋತ್ರವಾಯಿತು. ಪಾಪಾ ಉಪೊಕೊನೂ ಸೇರಿ ಎಲ್ಲರೂ ತಮ್ಮ ತಮ್ಮ ಮರದ ತುಂಡಿನ ಮೇಲೆ ಸುತ್ತ ಕೂತರು. ತಮರುವಾ ನಡುವೆ ಕೂತು ಚಿಪ್ಪು ತುಂಬಿ ಒಬ್ಬೊಬ್ಬರಿಗೆ ಕೊಟ್ಟ. ಒಂದೇ ಗುಟುಕಿಗೆ ಕುಡಿದು ಚಿಪ್ಪು ವಾಪಸು ಕೊಟ್ಟರು. ಬಿಯರ್ ಚೆನ್ನಾಗಿತ್ತು. ತುಸು ಬ್ರೆಡ್ಡಿನ ವಾಸನೆ, ತುಸು ಜೋರು. ಗುಂಪಿನ ತಮಾಷೆಗಾರ ತೆಪುರೆ ಎರಡನೇ ಸುತ್ತಿಗೇ ಉಕುಲೆಲೆ ವಾದ್ಯ ಎತ್ತಿಕೊಂಡ ಅಂದರೆ ಇನ್ನು ಬೇರೆ ಸಾಕ್ಷಿ ಬೇಡ.

ಮೂರನೇ ಸುತ್ತಿಗೆ ತಮರುವಾ ಮೊಕೊರೊವಾನ ಮುಂದೆ ಬಂದ, ಅವನ ಮುಖ ನೋಡಿದ, ಚಿಪ್ಪನ್ನು ಪಕ್ಕದವನಿಗೆ ಕೊಟ್ಟ.

ಹಂಚುವವನು ಒಬ್ಬನನ್ನು ದಾಟಿದರೆ ಯಾಕೆ ಅಂತ ಕೇಳಬಾರದು. ಅದು ತುಮುನುವಿನ ಕಟ್ಟಳೆ. ನಮ್ಮಪ್ಪಂದಿರು ಅಂಥ ದಾಟುವಿಕೆಯನ್ನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದರು. ತೆಪುರೆ ಕೇಳಿದ.

"ಏನೋ ತಮರುವಾ, ಅವನನ್ನ ಹಾರಿಸ್ಬಿಟ್ಟೆ? ಮೊದಲನೇ ಸಲ ಬಿಯರ್ ಮಾಡಿದೀಯ, ಇವತ್ತೇ ಜಿಪುಣತನ ಶುರುವಾ?"

"ಅವನು ಬೆವರ್ತಿದಾನೆ," ಅಂದ ತಮರುವಾ. "ನೋಡ್ರೋ ಅವನ ಮುಖ. ಈ ಚಳೀಲಿ ಬೆವರ್ತಿದಾನೆ."

"ನಿನ್ನ ಬಿಯರಿನ ಬಿಸಿ ಕಣೋ ಅದು! ಹೊಗಳಿಕೆ ಅಂದ್ಕೋ!"

ಎಲ್ಲರೂ ನಕ್ಕರು. ಮೊಕೊರೊವಾನೂ ನಕ್ಕ. "ಕೊಡೋ, ಬಾಯಾರಿದೆ," ಅಂದ. "ಬೆಳಿಗ್ಗೆಯಿಂದ ತೋಳು ಹಿಡ್ಕೊಂಡಿದೆ, ಇದೊಂದು ಬಿದ್ರೆ ಬಿಡುತ್ತೆ."

"ತೋಳು ಹಿಡಿದಿದ್ರೆ ನರ್ಸ್ ಹತ್ರ ಹೋಗು. ಏಳು, ನಾನೇ ಬೈಕಲ್ಲಿ ಬಿಡ್ತೀನಿ."

"ನರ್ಸು ಕೈ ಹಿಡೀತಾಳೆ ಅಂದ್ರೆ ನಂಗೂ ತೋಳು ನೋವು!" ಅಂದ ತೆಪುರೆ. ಮತ್ತೆ ನಗು. ಆ ನಗು ಬೇಕಲ್ಲ ನಮಗೆ, ಹೆಂಡತಿ ಸತ್ತರೂ ಮೊದಲು ಒಂದು ತಮಾಷೆ ಹೇಳಿ ಆಮೇಲೆ ಅಳುವ ಜನ ನಾವು.

ಮತ್ತೊಂದು ಸುತ್ತು ಬಂತು. ತಮರುವಾ ಮತ್ತೆ ಅವನನ್ನು ದಾಟಿದ. ಮೊಕೊರೊವಾ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, "ಜಿಪುಣ," ಅಂದ. ಹೊರಗೆ ಹೋದ. ಮನೆಗೆ ನಡೆದ. ಒಳಗೆ ಹೋಗಲಿಲ್ಲ. ಅಂಗಳದಲ್ಲಿ ತನ್ನಪ್ಪನ ಗೋರಿಗೆ ಬೆನ್ನು ಕೊಟ್ಟು ಕೂತ. ತುವಾಯಿನೆ ಹೊರಗೆ ಬಂದು, "ಒಳಗೆ ಬಾ, ಚಳಿ," ಅಂದಳು. ಎರಡನೇ ಸಲ ಕರೆಯುವ ಮೊದಲೇ ಅವಳಿಗೆ ಗೊತ್ತಾಯಿತು.

ಹೃದಯ, ಅಂದಳು ನರ್ಸ್. ನಿಮ್ಮೆಲ್ಲರ ಎದುರಿಗೇ ಅಂದಳು, ಗಟ್ಟಿಯಾಗಿ ಅಂದಳು. ನೀವು ತಲೆಯನ್ನೂ ಆಡಿಸಿದಿರಿ. ಆಮೇಲೆ ತಮರುವಾ ತೀವಾಯಿವಾಯಿ ಎತ್ತಿಕೊಂಡು ಬಂದ.

ಮನೆಯಲ್ಲಿದ್ದ ಒಳ್ಳೆಯ ವಸ್ತು ಅದೊಂದೇ. ತನ್ನ ಹೆಣಕ್ಕಿಟ್ಟದ್ದನ್ನು ಗೆಳೆಯನ ಹೆಣಕ್ಕೆ ಹೊದಿಸಿದ. ಒಗೆದಿದ್ದ, ಉಜ್ಜಿದ್ದ, ಆದರೆ ಕಿತ್ತಳೆಯ ಕಲೆ ಹೋಗಿರಲಿಲ್ಲ, ಹುದುಗಿನ ವಾಸನೆಯೂ ಹೋಗಿರಲಿಲ್ಲ. ಹೆಣದ ಸುತ್ತ ಕೂತವರಲ್ಲಿ ಒಬ್ಬಳು ಮೂಗು ಮುಚ್ಚಿಕೊಂಡಳು. ಒಬ್ಬಳು ಪಕ್ಕದವಳ ಕಿವಿಗೆ ಬಾಗಿದಳು. "ಇದನ್ನೇ ಅಲ್ವಾ ಅವನು ತುಮುನುವಿಗೆ ಹೊದಿಸಿದ್ದು?" "ಅಯ್ಯೋ ದೇವ್ರೇ. ಹೆಣದ ಬಟ್ಟೆ ಹೊದಿಸಿ ಹುದುಗಿಸಿದ್ನಾ?" "ಸಾವನ್ನ ಕರೆದ ಹಾಗಾಯ್ತಲ್ಲೇ." ಗೋರಿಗೆ ಮಣ್ಣು ಬೀಳುವ ಮೊದಲು ಮಾತು ಊರು ಸುತ್ತಿ ಬಂದಿತ್ತು. ಸುತ್ತಿ ಬರುವಾಗ ಬೆಳೆದಿತ್ತು. ಹಳಸಿದ ಯೀಸ್ಟಂತೆ. ಎರಡು ಥರ ಯೀಸ್ಟ್ ಬೆರೆಸಿದರೆ ವಿಷವಂತೆ. ಮೊಕೊರೊವಾ ಬಾಯಾರಿಕೆ ಅಂತ ಬಡಕೊಂಡನಂತೆ, ವಿಷ ಏರಿದವರಿಗೆ ಹಾಗೇ ಆಗುವುದಂತೆ.

ಆ ಸಂಜೆ ಸುತ್ತ ಕೂತಿದ್ದವರು ಬಾಯಿ ತೆರೆದು, "ತಮರುವಾ ಅವನಿಗೆ ಹೆಚ್ಚು ಕೊಡಲಿಲ್ಲ, ನರ್ಸಿನ ಹತ್ತಿರ ಹೋಗು ಅಂದ, ನಕ್ಕವರು ನಾವು," ಎಂಬ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ಯೀಸ್ಟ್ ಕೊಂದಿತು ಅಂದರೆ ನಗು ಕೊಲ್ಲಲಿಲ್ಲ ಅಂತ ಆಗುತ್ತದಲ್ಲ. ಎಷ್ಟು ಅನುಕೂಲ!

ಆವತ್ತಿನ ಬಿಯರ್ ಅರ್ಧ ಹಾಗೇ ಉಳಿಯಿತು. ತುಮುನುವಿನಲ್ಲಿ ಒಂದು ಗುಂಪು ಶುರು ಮಾಡಿದ್ದನ್ನು ಆ ಗುಂಪೇ ಕುಡಿದು ಮುಗಿಸಬೇಕು. ಚೆಲ್ಲುವ ಹಾಗಿಲ್ಲ. ಅದು ಮುಗಿಯದೆ ಹೊಸದನ್ನು ಹಾಕುವ ಹಾಗೂ ಇಲ್ಲ. ಗುಂಪು ಬರಲಿಲ್ಲ. ತಮರುವಾ ಪ್ರತಿ ಸಂಜೆ ಹೋಗಿ ಗುಡಿಸಲು ಗುಡಿಸಿ, ಮರದ ತುಂಡುಗಳನ್ನು ಸುತ್ತ ಜೋಡಿಸಿ, ಕಾದ. ಆಗಸ್ಟ್ ಕಳೆಯಿತು. ಅವನು ತಿನ್ನುವುದು ಕಡಿಮೆಯಾಯಿತು. ಓಡುಪಟ್ಟಿಯ ಮೇಲೆ ಹಂದಿ ಓಡಿಸುವಾಗ ನಡುವೆ ನಿಂತುಬಿಡುತ್ತಿದ್ದ, ಯಾರೋ ಹಿಂದಿನಿಂದ ಕರೆದ ಹಾಗೆ ತಿರುಗಿ ನೋಡುತ್ತಿದ್ದ. ಒಂದು ಸಲ ವಿಮಾನ ತಲೆಯ ಮೇಲೆ ಎರಡು ಸುತ್ತು ಹೊಡೆಯಬೇಕಾಯಿತು.

ಸೆಪ್ಟೆಂಬರಿನಲ್ಲಿ ತುಮುನು ಮಾತಾಡಲು ಶುರು ಮಾಡಿತು.

ಮೊದಲು ಕೇಳಿಸಿಕೊಂಡವನು ಅವನೇ. ಸಂಜೆ ಗುಡಿಸಲ ಬಾಗಿಲಲ್ಲಿ ನಿಂತಾಗ ಒಳಗೆ ಯಾರೋ ಉಸಿರು ಬಿಟ್ಟ ಹಾಗೆ. ಒಂದು ಉಸಿರು. ತಡೆದು, ಇನ್ನೊಂದು. ಮೊಕೊರೊವಾ ಗುಡ್ಡ ಹತ್ತಿ ಬಂದಾಗ ಹೀಗೇ ಉಸಿರು ಬಿಡುತ್ತಿದ್ದ, ಮೂಗಿನಿಂದಲ್ಲ, ತುಟಿಯ ಮೂಲೆಯಿಂದ. ತಮರುವಾ ಒಳಗೆ ಹೋದ. ಮೊಕೊರೊವಾನ ಮರದ ತುಂಡು ಖಾಲಿ. ಉಸಿರು ತುಮುನುವಿನ ಮುಚ್ಚಳದ ಕೆಳಗಿಂದ ಬರುತ್ತಿತ್ತು. ಮುಚ್ಚಳ ತೆಗೆದ. ಕಪ್ಪಾದ ಬಿಯರಿನ ನಡುವೆ ಒಂದು ಗುಳ್ಳೆ ಮೆಲ್ಲಗೆ ಮೇಲೆ ಬಂದು, ಕಣ್ಣಿನ ಹಾಗೆ ನಿಂತು, ಒಡೆಯಿತು.

ನಾನು ಹೇಳುತ್ತೇನೆ ಅದೇನು ಅಂತ. ಚಳಿಗೆ ಮಲಗಿದ ಯೀಸ್ಟ್ ಸಕ್ಕರೆಯನ್ನು ಪೂರ್ತಿ ತಿಂದಿರಲಿಲ್ಲ. ಸೆಪ್ಟೆಂಬರಿನ ಬಿಸಿಲು ಬಿದ್ದಾಗ ಎದ್ದು ಉಳಿದದ್ದನ್ನು ತಿನ್ನುತ್ತಿದೆ. ಮರದೊಳಗಿನ ಹಳೆಯ ಹುದುಗೂ ಜೊತೆಗೆ ಸೇರಿದೆ. ಅಷ್ಟೇ. ಹೀಗೆ ಬರೆಯುವುದು ಸುಲಭ. ನಾನೂ ಒಂದು ಸಂಜೆ ಆ ಬಾಗಿಲಲ್ಲಿ ನಿಂತು ಆ ಉಸಿರು ಕೇಳಿದ್ದೇನೆ. ಒಳಗೆ ಕಾಲಿಡುವ ಮೊದಲು ಸತ್ತವನ ಹೆಸರು ಹಿಡಿದು ಕ್ಷಮೆ ಕೇಳಬೇಕು ಅನಿಸಿತು.

ಪಾಪಾ ಉಪೊಕೊ ಒಂದು ದಿನ ಕೋಲೂರಿಕೊಂಡು ಬಂದ. ಕೂತ. ಕೇಳಿಸಿಕೊಂಡ.

"ಚೆಲ್ಲಿಬಿಡು ಮಗಾ."

"ನೀವು ಯಾವತ್ತಾದ್ರೂ ಚೆಲ್ಲಿದೀರಾ?"

ತಮರುವಾ ಚಿಪ್ಪು ತುಂಬಿ ಮುಂದೆ ಹಿಡಿದ. "ನೀವಾದ್ರೂ ಕುಡೀರಿ ಪಾಪಾ."

"ನಂಗೆ ಹಲ್ಲಿಲ್ಲ," ಅಂದ ಉಪೊಕೊ. ಬಿಯರ್ ಕುಡಿಯಲು ಹಲ್ಲು! ಎದ್ದು ಹೋದ.

ಆಮೇಲಿನದನ್ನು ದಾರಿಯಲ್ಲಿ ಹೋಗುವವರೆಲ್ಲ ನೋಡಿದ್ದೀರಿ. ಪ್ರತಿ ಸಂಜೆ ತಮರುವಾ ಒಂದು ಚಿಪ್ಪು ತುಂಬಿ, ಮೊಕೊರೊವಾನ ಮರದ ತುಂಡಿನ ಮುಂದೆ ಮಂಡಿಯೂರಿ, ಎರಡೂ ಕೈಯಲ್ಲಿ ಚಿಪ್ಪು ನೀಡಿ ಹಿಡಿಯುತ್ತಾನೆ. ಕಾಯುತ್ತಾನೆ. ಆಮೇಲೆ ತಾನೇ ಕುಡಿಯುತ್ತಾನೆ. "ವಿಷ ಅಲ್ಲ ಅಂತ ತೋರಿಸ್ತಿದಾನೆ," ಅಂದರು ಕೆಲವರು. "ಅವನು ಸಾಯಲ್ಲ ಬಿಡು, ಪ್ರೇತ ಅವನ ಕೈವಶ ಆಗಿದೆ," ಅಂದರು ಕೆಲವರು. ಸತ್ತಿದ್ದರೆ ವಿಷ, ಬದುಕಿದರೆ ಪ್ರೇತ. ಇಂಥ ನ್ಯಾಯಾಲಯದಲ್ಲಿ ಯಾರು ಗೆದ್ದಾರು?

ಕಳೆದ ವಾರ ತುವಾಯಿನೆ ಹೋದಳು. ಇದನ್ನು ನನಗೆ ಹೇಳಿದವಳು ಅವಳೇ. "ಬರಿ, ಹೆಸರು ಹಾಕೇ ಬರಿ," ಅಂದವಳೂ ಅವಳೇ.

ಅವಳು ಬಾಗಿಲಲ್ಲಿ ನಿಂತಾಗ ತಮರುವಾ ಚಿಪ್ಪು ನೀಡಿ ಕೂತಿದ್ದ. ಬೆಚ್ಚಿ ಬಿದ್ದ. ಬಿಯರ್ ಕೈಮೇಲೆ ಚೆಲ್ಲಿತು.

"ವಿಷಾನಾ ಅಂತ ನೋಡ್ತಿದೀಯಾ?" ಕೇಳಿದಳು.

"ಇಲ್ಲ."

"ಮತ್ತೆ?"

"ಅವನು ಕೇಳಿದ್ದ. ನಾನು ಕೊಡ್ಲಿಲ್ಲ." ಚೆಲ್ಲಿದ ಕೈಯನ್ನು ಅಂಗಿಗೆ ಒರೆಸಿಕೊಂಡ. "ಬಾಯಾರಿದೆ ಅಂದ ತುವಾಯಿನೆ. ಎರಡು ಸಲ ಅವನನ್ನ ದಾಟಿಬಿಟ್ಟೆ. ಕೊನೇ ಮಾತು ಜಿಪುಣ ಅಂದು ಹೋದ. ಈಗ ದಿನಾ ಕೊಡ್ತೀನಿ. ತಗೊಳ್ಳಲ್ಲ."

ಊರು ಅವನ ಮೇಲೆ ಹೊರಿಸಿದ ಪಾಪ ಒಂದು. ಅವನು ಒಳಗೆ ಹೊತ್ತು ತಿರುಗುತ್ತಿದ್ದದ್ದು ಬೇರೆಯೇ. ಅಲ್ಲಿ ಕೂತವರಲ್ಲಿ ಗೆಳೆಯನ ಮುಖವನ್ನು ನಿಜವಾಗಿ ನೋಡಿದವನು ಅವನೊಬ್ಬ. ನೋಡಿದ್ದಕ್ಕೇ ಅವನಿಗೆ ಈ ಶಿಕ್ಷೆ.

ತುವಾಯಿನೆ ಗಂಡನ ಮರದ ತುಂಡಿನ ಮೇಲೆ ಕೂತಳು. ಆ ತುಂಡಿನ ಮೇಲೆ ಹೆಂಗಸು ಕೂತದ್ದು ಇದೇ ಮೊದಲಿರಬೇಕು.

"ನಾನು ಯಾಕೆ ಬರ್ಲಿಲ್ಲ ಗೊತ್ತಾ ಇಷ್ಟು ದಿನ?" ಅಂದಳು. "ಯೀಸ್ಟು ನಂದು. ಎಲ್ರೂ ನಿನ್ನ ಯೀಸ್ಟು ನಿನ್ನ ಯೀಸ್ಟು ಅಂತಿದ್ರು, ನಾನು ಒಳಗೊಳಗೇ ಸಾಯ್ತಿದ್ದೆ. ನನ್ನ ಕೈಯಾರೆ ಕಟ್ಟಿ ಕೊಟ್ಟಿದ್ದಲ್ವಾ? ಒಲೆ ಮುಂದೆ ನಿಂತ್ರೆ ಹಿಂದೆ ಅವನು ಕೆಮ್ಮಿದ ಹಾಗಾಗ್ತಿತ್ತು. ಮೊನ್ನೆ ಡಬ್ಬಿ ತಳ ಕೆರೆದು ಬ್ರೆಡ್ ಹಾಕ್ತಿದ್ದೆ, ಆಗ ಹೊಳೀತು. ಅವನ ಮಣ್ಣಿನ ದಿನ ಊರಿಗೆಲ್ಲ ಬ್ರೆಡ್ ಮಾಡಿದ್ದು ಇದೇ ಡಬ್ಬಿ ಯೀಸ್ಟಲ್ಲಿ ಕಣೋ. ಮೂಗು ಮುಚ್ಕೊಂಡ್ಳಲ್ಲ ಅವಳು? ನಾಲ್ಕು ತಿಂದ್ಲು. ಮನೆಗೂ ಕಟ್ಕೊಂಡು ಹೋದ್ಲು."

ತಮರುವಾ ಅವಳನ್ನೇ ನೋಡುತ್ತಿದ್ದ.

"ತೋಳು ನೋವು ಭಾನುವಾರದಿಂದಾನೇ ಇತ್ತು ಅವನಿಗೆ. ನಾನೂ ಹೇಳಿದೆ ನರ್ಸ್ ಹತ್ರ ಹೋಗು ಅಂತ. ನಂಗೂ ಜಿಪುಣಿ ಥರದ್ದೇ ಏನೋ ಅಂದ. ಕೊಡು ಇತ್ಲಾಗೆ."

ಚಿಪ್ಪು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. ಮುಖ ಹಿಂಡಿದಳು.

"ಥೂ! ಹಸಿ ನಿಂಬೆಹಣ್ಣು. ಇದನ್ನ ದಿನಾ ಕುಡೀತಿದೀಯಾ? ಪಾಪಿ."

ಅವನು ನಕ್ಕನಂತೆ. ಜುಲೈಯಿಂದ ಈಚೆಗೆ ಮೊದಲ ಸಲ. ನಗುವ ನಡುವೆಯೇ ತುಮುನು ಉಸಿರು ಬಿಟ್ಟಿತು.

"ಅವನಾ?" ಕೇಳಿದ ತಮರುವಾ, ಪಿಸುಮಾತಿನಲ್ಲಿ.

ಅವಳು ತುಂಬ ಹೊತ್ತು ಕೇಳಿಸಿಕೊಂಡಳು. "ಗೊತ್ತಿಲ್ಲ," ಅಂದಳು. "ಅವನೇ ಆದ್ರೆ, ಕುಡಿಯೋಕೆ ಬಂದಿಲ್ಲ. ಜೊತೆಯವರು ಎಲ್ಲಿ ಅಂತ ನೋಡೋಕೆ ಬಂದಿದಾನೆ."

ಮೊಕೊರೊವಾನ ಹೆಂಡತಿ ಬಂದು ಹೋದಳು. ಅದರಿಂದ ತಮರುವಾ ಒಂದು ಹೊತ್ತಿನ ಊಟ ಮಾಡಿದ. ಆದರೆ ಹೆಂಡತಿ ಆ ಗುಂಪಿನವಳಲ್ಲ. ಅವಳು ಕುಡಿದರೆ ತುಮುನು ಮುಗಿದಂತಲ್ಲ, ಅವನು ಬಿಡುಗಡೆಯಾದಂತಲ್ಲ. ಇವತ್ತಿಗೂ ಅವನು ಸಂಜೆ ಹೋಗಿ ಮಂಡಿಯೂರುತ್ತಿದ್ದಾನೆ. ಅವನ ಅಂಗಿಯೊಳಗೆ ಈಗ ಮೂಳೆಗಳಷ್ಟೇ ಇವೆ. ಇನ್ನೊಂದು ಚಳಿಗಾಲ ಅವನು ನೋಡುವುದಿಲ್ಲ, ಮತ್ತು ಆಗ ನರ್ಸ್ ಬಂದು ಏನು ಕಾರಣ ಹೇಳಿದರೂ ನಾನು ನಂಬುವುದಿಲ್ಲ. ಕಾರಣ ನನಗೆ ಈಗಲೇ ಗೊತ್ತಿದೆ.

ಆದ್ದರಿಂದ ತೆಪುರೆ, ಪಾಪಾ ಉಪೊಕೊ, ಆ ಸಂಜೆ ಅಲ್ಲಿ ಕೂತು ನಕ್ಕ ಉಳಿದವರೇ, ಇದನ್ನು ಓದುತ್ತಾ ಇದು ಪಕ್ಕದ ಮನೆಯವರಿಗೆ ಬರೆದದ್ದು ಅಂದುಕೊಳ್ಳುತ್ತಿರುವವರೇ: ಈ ಹಾಳೆ ಮಡಚಿಡಿ. ಈ ಸಂಜೆಯೇ ಗುಡಿಸಲಿಗೆ ಹೋಗಿ. ಒಳಗೆ ಉಸಿರಿನ ಸದ್ದು ಕೇಳಿಸಿದರೆ ಹಿಂದೆ ತಿರುಗಬೇಡಿ, ನಿಮ್ಮ ನಿಮ್ಮ ಜಾಗದಲ್ಲಿ ಕೂತು ಆ ದಿನ ನಡೆದದ್ದನ್ನು ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ತಮರುವಾ ನೀಡಿದ ಚಿಪ್ಪಿಗೆ ಕೈ ಚಾಚಿ, ಎಷ್ಟೇ ಹುಳಿಯಾಗಿರಲಿ, ತಳ ಕಾಣುವ ತನಕ ಕುಡಿದು ಮುಗಿಸಿ.